ಅತಿಜಾಗರದ ಆಪತ್ತು

ನಮ್ಮ ಮಂಡಳಿಯ ಮಾಸಪತ್ರಿಕೆಗೆ ನಾನು ಇಲ್ಲಿಯವರೆಗೆ ಕಳುಹಿದ ಲೇಖನಗಳೆಲ್ಲ ವ್ಯಾಕರಣ, ಛಂದಸ್ಸು, ಇಲ್ಲವೆ ಹಿಂದಿನ ಪಂಡಿತರ ಸ್ಮರಣೆ ಇವುಗಳಿಗೆ ಸಂಬಂಧಿಸಿದವು. ಈ ಸಲದ ವಿಷಯವನ್ನು ಕಂಡು ‘ಮಾಸ್ತರರಿಗೆ ವೈದ್ಯದ ಹವ್ಯಾಸ ಯಾವಾಗ ಹತ್ತಿತು?’ ಎಂದು ವಾಚಕರು ನಗಬಹುದು. ನಾನು ವೈದ್ಯನಲ್ಲ; ಆ ಶಾಸ್ತ್ರವನ್ನು ಕ್ರಮವಾಗಿ ಓದಿದವನೂ ಅಲ್ಲ. ಆದರೆ ಎರಡು ವರ್ಷಗಳ ಹಿಂದೆ ನನ್ನ ಮನೆಯಲ್ಲಿಯೇ ನಡೆದ ಒಂದು ಸಂಗತಿಯಿಂದ, ಈ ಇಳಿವಯಸ್ಸಿನಲ್ಲಿ, ಒಂದು ಪಾಠವನ್ನು ಕಲಿಯಬೇಕಾಯಿತು. ಕಲಿತದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವದು ಆಯುಷ್ಯವೆಲ್ಲ ಮಾಸ್ತರಿಕೆ ಮಾಡಿದವನಿಗೆ ಸಲ್ಲದು. ಆದ್ದರಿಂದ ನನಗೆ ನಾಚಿಕೆ ತರುವ ಭಾಗವನ್ನೂ ಮುಚ್ಚದೆ ಬರೆಯುತ್ತಿದ್ದೇನೆ.

ನನ್ನ ಹಿರಿಯ ಮಗಳ ಮಗನು ಬೆಳಗಾವಿಯಲ್ಲಿ ವಸತಿಗೃಹದಲ್ಲಿದ್ದುಕೊಂಡು ಒಂದು ಸ್ಪರ್ಧಾ ಪರೀಕ್ಷೆಗೆ ಸಿದ್ಧತೆ ನಡಿಸಿದ್ದನು. ಆಗ ಅವನಿಗೆ ೨೧ ವರ್ಷ. ಪರೀಕ್ಷೆಗೆ ಹದಿನೈದು ದಿನಗಳು ಉಳಿದಿರಲು, ಅಲ್ಲಿ ಗದ್ದಲವೆಂದು ಹೇಳಿ ಚಿಕ್ಕೋಡಿಯ ನಮ್ಮ ಮನೆಗೆ ಬಂದನು. ಮಾಳಿಗೆಯ ಮೇಲಿನ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟೆವು. ನಾನು ಬೆಳಗಿನ ನಾಲ್ಕಕ್ಕೆ ಏಳುವವನು. ಎದ್ದಾಗಲೆಲ್ಲ ಅವನ ಕದದ ಕೆಳಗಿಂದ ದೀಪದ ಬೆಳಕು ಬರುತ್ತಿತ್ತು. ಹುಡುಗನು ನನಗಿಂತ ಮೊದಲೇ ಏಳುತ್ತಾನೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ‘ನಮ್ಮ ಮನೆತನದಲ್ಲಿ ಕಡೆಗೂ ಒಬ್ಬ ನಿಜವಾದ ವಿದ್ಯಾರ್ಥಿ ಹುಟ್ಟಿದ’ನೆಂದು ಹೆಂಡತಿಯ ಮುಂದೆ ಹೇಳಿಕೊಂಡೆನು. ಅವನು ಮೊದಲು ಏಳುತ್ತಿರಲಿಲ್ಲ, ಮಲಗುತ್ತಲೇ ಇರಲಿಲ್ಲವೆಂಬದು ನನಗೆ ಹೊಳೆಯಲಿಲ್ಲ.

ಐದನೆಯ ದಿನ ನಸುಕಿನಲ್ಲಿ ಮೇಲೆ ತಂಬಿಗೆ ಉರುಳಿದ ಸಪ್ಪಳವಾಯಿತು. ಏರಿಹೋಗಿ ನೋಡಲು, ಹುಡುಗನು ನೆಲದ ಮೇಲೆ ಬಿದ್ದಿದ್ದನು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿದ್ದವು, ಹಲ್ಲು ಕಚ್ಚಿದ್ದವು, ಮೈಯೆಲ್ಲ ಮೊದಲು ಕಟ್ಟಿಗೆಯಂತೆ ಸೆಟೆದು, ಆಮೇಲೆ ಕೈಕಾಲುಗಳು ಒಂದೇ ಸವನೆ ಜಗ್ಗತೊಡಗಿದವು, ಬಾಯಿಂದ ನೊರೆ ಬಂದಿತು. ನಾನು ಓಡಿಹೋಗಿ ಕೀಲಿಕೈಗಳ ಗೊಂಚಲನ್ನು ತಂದು ಅವನ ಮುಷ್ಟಿಯಲ್ಲಿ ತುರುಕಿದೆನು. ನನ್ನ ಹೆಂಡತಿ ಉಳ್ಳಾಗಡ್ಡಿಯನ್ನು ಒಡೆದು ಮೂಗಿಗೆ ಹಿಡಿದಳು. ಕೂಗು ಕೇಳಿ ಬಂದ ನೆರೆಮನೆಯವರೊಬ್ಬರು ಹಳೆಯ ಚಪ್ಪಲಿಯನ್ನು ತಂದರು. ಇನ್ನೊಬ್ಬರು ನಾಲಿಗೆ ಕಡಿದೀತೆಂದು ಚಮಚವನ್ನು ಹಲ್ಲಿನ ನಡುವೆ ಸೇರಿಸಲು ಹೆಣಗಿ, ಮುಂದಿನ ಒಂದು ಹಲ್ಲಿನ ಚೂರನ್ನು ಮುರಿದರು. ಎಲ್ಲವೂ ಎರಡು ಮೂರು ನಿಮಿಷಗಳಲ್ಲಿ ಮುಗಿದಿರಬೇಕು. ನನಗೆ ಮಾತ್ರ ಒಂದು ಪ್ರಹರ ಕಳೆದಂತಾಯಿತು. ಜಗ್ಗುವದು ನಿಂತ ಮೇಲೆ ಅವನು ಗೊರಕೆ ಹೊಡೆಯುತ್ತ ಬಿದ್ದುಕೊಂಡನು. ಕೆಲಹೊತ್ತಿಗೆ ಕಣ್ಣು ತೆರೆದು ನನ್ನನ್ನೇ ನೋಡಿದನು. ಆದರೆ ಗುರುತು ಹಿಡಿಯಲಿಲ್ಲ. ‘ಅಪಸ್ಮಾರ’ವೆಂದರೆ ಸ್ಮೃತಿಯು ತೊಲಗುವದು ಎಂದು ನಾನು ವರ್ಷಾನುಗಟ್ಟಲೆ ಹುಡುಗರಿಗೆ ಪದವಿಭಾಗ ಮಾಡಿ ಹೇಳಿದವನು. ಆ ಪದದ ಅರ್ಥವು ಆ ದಿನ ನನ್ನ ಮೊಮ್ಮಗನ ಕಣ್ಣಿನಲ್ಲಿ ನನಗೆ ಕಂಡಿತು.

ಆಸ್ಪತ್ರೆಯಲ್ಲಿ ಒಬ್ಬ ತರುಣ ವೈದ್ಯೆಯು ಅವನನ್ನು ಪರೀಕ್ಷಿಸಿ, ನನ್ನ ಕಡೆಗೆ ತಿರುಗಿ, ‘ಗುರುಗಳೇ, ಹುಡುಗ ರಾತ್ರಿ ಏನರೆ ತಗೊಂಡಾನೇನು? ಗುಳಿಗಿ, ಪಾನೀಯ, ಏನಿದ್ದರೂ ಹೇಳ್ರಿ’ ಎಂದು ಕೇಳಿದಳು. ನನಗೆ ಸಿಟ್ಟು ಬಂದಿತು. ‘ನಮ್ಮ ಮನಿತನದಾಗ ಅಡಿಕಿ ಸುದ್ದಾ ಯಾರೂ ಮುಟ್ಟೂದಿಲ್ಲವಾ’ ಎಂದೆನು. ಹೀಗೆ ಹೇಳುವಾಗ ನನ್ನ ಸೊಂಟದಲ್ಲಿ ನಶ್ಯದ ಡಬ್ಬಿಯಿತ್ತೆಂಬದನ್ನು ವಾಚಕರು ಗಮನಿಸಬೇಕು. ಆ ಹೆಣ್ಣುಮಗಳು ವಾದಕ್ಕೆ ನಿಲ್ಲದೆ ನಮ್ಮೆಲ್ಲರನ್ನು ಹೊರಗೆ ಕಳಿಸಿ ಕದ ಮುಂದೂಡಿದಳು. ಹತ್ತು ನಿಮಿಷಗಳಲ್ಲಿ ಅಜ್ಜನ ಮುಂದೆ ಬಾಯಿ ಬಿಡದಿದ್ದ ಹುಡುಗನು ಅವಳಿಗೆ ಎಲ್ಲವನ್ನೂ ಹೇಳಿದನು.

ಸಂಗತಿ ಇಷ್ಟು. ವಸತಿಗೃಹದ ಗೆಳೆಯನೊಬ್ಬನಿಗೆ ಗಮನವು ಒಂದೆಡೆ ನಿಲ್ಲದ ಬೇನೆಯೆಂದು ವೈದ್ಯರು ಮಿಥೈಲ್‌ಫೆನಿಡೇಟ್ ಎಂಬ ಗುಳಿಗೆಗಳನ್ನು ಬರೆದುಕೊಟ್ಟಿದ್ದರು. ಅವನ್ನು ತಿಂದರೆ ನಿದ್ದೆ ಬಾರದು, ಓದಿದ್ದು ತಲೆಯಲ್ಲಿ ನಿಲ್ಲುವದೆಂಬ ಸುದ್ದಿ ಹುಡುಗರಲ್ಲಿ ಹಬ್ಬಿತ್ತು. ನನ್ನ ಮೊಮ್ಮಗನು ಹತ್ತಾರು ಗುಳಿಗೆಗಳನ್ನು ಕೇಳಿ ತಂದುಕೊಂಡಿದ್ದನು. ಮೊದಲ ದಿನ ಒಂದು, ಆಮೇಲೆ ಎರಡು, ಕೊನೆಯ ರಾತ್ರಿ ಮೂರು. ಅದರ ಮೇಲೆ ಅಂಗಡಿಯಲ್ಲಿ ಡಬ್ಬಿಗಳಲ್ಲಿ ಮಾರುವ ‘ಎನರ್ಜಿ ಡ್ರಿಂಕ್’ ಮೂರು ನಾಲ್ಕು, ಜೊತೆಗೆ ಚಹಾ. ಊಟ ಸೇರುತ್ತಿರಲಿಲ್ಲ. ನಾಲ್ಕು ರಾತ್ರಿಗಳಲ್ಲಿ ಕೂಡಿಸಿ ಆರು ತಾಸು ಸಹ ನಿದ್ದೆಯಾಗಿರಲಿಲ್ಲ.

ಈ ಗುಳಿಗೆಗಳ ಪೂರ್ವೇತಿಹಾಸವನ್ನು ಆಮೇಲೆ ನಾನು ಓದಿಕೊಂಡೆನು. ಈ ಜಾತಿಯ ಹಿರಿಯ ಔಷಧವಾದ ಅಂಫೆಟಮೈನನ್ನು ೧೮೮೭ರಲ್ಲಿ ಬರ್ಲಿನ್ನಿನಲ್ಲಿ ಎಡೆಲಿಯಾನು ಎಂಬ ರುಮೇನಿಯದ ರಸಾಯನಜ್ಞನು ಮೊದಲು ಮಾಡಿದನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರೂ ವಿಮಾನ ನಡಿಸುವವರೂ ನಿದ್ದೆಗೆಡಲೆಂದು ಇಂಥ ಗುಳಿಗೆಗಳನ್ನು ಎರಡೂ ಪಕ್ಷದವರು ಹಂಚಿದರು. ಮಿಥೈಲ್‌ಫೆನಿಡೇಟ್ ೧೯೪೪ರಲ್ಲಿ ಸ್ವಿಟ್ಜರ್ಲಂಡಿನಲ್ಲಿ ತಯಾರಾಯಿತು. ಇದು ಯೋಗ್ಯ ರೋಗಿಗೆ ಯೋಗ್ಯ ಪ್ರಮಾಣದಲ್ಲಿ ವೈದ್ಯನ ಕಣ್ಣಳತೆಯಲ್ಲಿ ಕೊಟ್ಟಾಗ ಒಳ್ಳೆಯ ಔಷಧವೇ. ಇದನ್ನು ಓದಿ ಯಾವ ತಂದೆತಾಯಿಗಳೂ ಹೆದರಿ, ವೈದ್ಯರು ತಮ್ಮ ಮಗುವಿಗೆ ಬರೆದುಕೊಟ್ಟದ್ದನ್ನು ತಾವಾಗಿ ನಿಲ್ಲಿಸಬಾರದು. ದೋಷವು ಗುಳಿಗೆಯಲ್ಲಿಲ್ಲ, ಒಬ್ಬನ ಔಷಧವನ್ನು ಇನ್ನೊಬ್ಬನು ನುಂಗುವದರಲ್ಲಿದೆ, ಪ್ರಮಾಣ ಮೀರುವದರಲ್ಲಿದೆ, ಒಂದರ ಮೇಲೊಂದು ಹೇರುವದರಲ್ಲಿದೆ.

ಮೂರ್ಛೆ ಹೇಗೆ ಬಂದಿತೆಂದು ಕೇಳಲು, ವೈದ್ಯೆಯು ನನಗೆ ತಿಳಿಯುವ ಹಾಗೆ ಹೇಳಿದಳು. ಮೆದುಳಿನಲ್ಲಿ ನರತಂತುಗಳನ್ನು ಕೆರಳಿಸುವ ಶಕ್ತಿ ಒಂದು, ಅವನ್ನು ತಡೆದು ಹಿಡಿಯುವ ಶಕ್ತಿ ಇನ್ನೊಂದು. ಘಾಟದಲ್ಲಿ ಇಳಿಯುವ ಗಾಡಿಗೆ ಎತ್ತುಗಳೆಷ್ಟು ಮುಖ್ಯವೋ ಗಾಲಿಗೆ ಒತ್ತುವ ತಡೆಯೂ ಅಷ್ಟೇ ಮುಖ್ಯ. ಉತ್ತೇಜಕ ದ್ರವ್ಯವು ಎತ್ತುಗಳಿಗೆ ಚಾಟಿ ಬೀಸುತ್ತದೆ. ಚಹಾ ಕಾಫಿಗಳಲ್ಲಿರುವ ಕೆಫೀನೆಂಬ ವಸ್ತುವು ‘ದಣಿವಾಗಿದೆ, ಮಲಗು’ ಎಂದು ಮೆದುಳಿಗೆ ತಿಳಿಸುವ ಅಡೆನೊಸಿನ್ ಎಂಬ ದೂತನ ಬಾಯಿ ಕಟ್ಟುತ್ತದೆ. ಆ ದೂತನೇ ಮೂರ್ಛೆಯನ್ನು ತಡೆಯುವ ಕಾವಲುಗಾರರಲ್ಲಿ ಒಬ್ಬನು. ನಿದ್ದೆಗೇಡು ತಡೆಯನ್ನು ಮತ್ತಷ್ಟು ಸಡಿಲಿಸುತ್ತದೆ. ಹೀಗೆ ಎಲ್ಲ ಕಡೆಯಿಂದಲೂ ಕಟ್ಟು ಬಿಚ್ಚಿದಾಗ, ಅಸಂಖ್ಯ ತಂತುಗಳು ಏಕಕಾಲಕ್ಕೆ ಕೆರಳುತ್ತವೆ, ಅದೇ ಮೂರ್ಛೆ. ‘ಯಾವದು ಎಷ್ಟು ಕಾರಣವೆಂದು ತೂಗಿ ಹೇಳಲಾಗದು, ಎಲ್ಲವೂ ಕೂಡಿ ಬೀಳಿಸಿದವು’ ಎಂದಳು. ಗುಳಿಗೆಯು ಹುಡುಗನಿಗೆ ಹೊಸ ಬಲವನ್ನೇನೂ ಕೊಟ್ಟಿರಲಿಲ್ಲ. ನಾಳಿನ ಬಲವನ್ನು ಇಂದೇ ಕಡ ತೆಗೆಸಿತ್ತು. ಸಾಹುಕಾರನು ಐದನೆಯ ದಿನ ಬಂದು ಬಾಗಿಲಲ್ಲಿ ನಿಂತನು.

ಮುಂದೆ ಮೆದುಳಿನ ಚಿತ್ರ ತೆಗೆಸಿದೆವು. ಅದರ ವಿದ್ಯುತ್ತರಂಗಗಳ ಪರೀಕ್ಷೆಯನ್ನೂ ಮಾಡಿಸಿದೆವು. ದೋಷವೇನೂ ಕಾಣಲಿಲ್ಲ. ಹೀಗೆ ತಾತ್ಕಾಲಿಕ ಕಾರಣದಿಂದ ಬಂದ ಒಂದು ಮೂರ್ಛೆಯನ್ನು ಅಪಸ್ಮಾರವೆಂಬ ರೋಗವೆಂದು ಎಣಿಸುವದಿಲ್ಲವಂತೆ. ಕಾರಣ ತಪ್ಪಿದರೆ ಕಾರ್ಯವೂ ತಪ್ಪುವ ಸಂಭವ ಹೆಚ್ಚು. ಆದರೆ ಈ ಭೇದವು ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತು? ಒಮ್ಮೆ ಬಿದ್ದನೆಂದರೆ ಜನ್ಮಕ್ಕೆ ಹತ್ತಿದ ಕಲಂಕವೆಂದು ತಿಳಿದು ಮುಚ್ಚಿಡುತ್ತೇವೆ. ಚರಕಸಂಹಿತೆಯು ಅಪಸ್ಮಾರವನ್ನು ವಾತ, ಪಿತ್ತ, ಕಫ, ಸನ್ನಿಪಾತಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ನಿದಾನಸ್ಥಾನದಲ್ಲಿ ಒಂದು ಅಧ್ಯಾಯವನ್ನೂ ಚಿಕಿತ್ಸಾಸ್ಥಾನದಲ್ಲಿ ಇನ್ನೊಂದನ್ನೂ ಅದಕ್ಕಾಗಿ ಮೀಸಲಿಟ್ಟಿದೆ. ಅಂಥ ಪರಂಪರೆಯ ನಾವು ಮಾತ್ರ ಕೀಲಿಕೈ, ಚಪ್ಪಲಿಗಳಿಗೆ ಇಳಿದೆವು. ನಮ್ಮ ಕಾಯದೆಯೂ ಬಹುದಿನ ಹಿಂದುಳಿದಿತ್ತು. ಹಿಂದೂ ವಿವಾಹದ ಕಾಯದೆಯಲ್ಲಿ ವಧೂವರರ ಅನರ್ಹತೆಗಳ ಸಾಲಿನಲ್ಲಿದ್ದ ಅಪಸ್ಮಾರವನ್ನು ತೆಗೆದುಹಾಕಿದ್ದು ೧೯೯೯ರಲ್ಲಿ. ಕಾಯದೆ ಬಿಟ್ಟರೂ ಮನಸ್ಸು ಬಿಟ್ಟಿಲ್ಲ. ನಾನು ವೈದ್ಯೆಯ ಮುಂದೆ ಆಡಿದ ಸುಳ್ಳು ಆ ಮನಸ್ಸಿನದೇ. ನುಂಗಿದ್ದು ಏನೆಂದು ತಿಳಿಯದೆ ಚಿಕಿತ್ಸೆ ನಡೆದಿದ್ದರೆ ನನ್ನ ಮಾನದ ಬೆಲೆಯನ್ನು ಹುಡುಗನು ತೆರಬೇಕಾಗುತ್ತಿತ್ತು.

ಮನೆಗೆ ಬಂದ ಮೂರನೆಯ ದಿನ, ಅವನು ಸ್ವಸ್ಥನಾಗಿರುವದನ್ನು ಕಂಡು, ನಾನು ಉಪದೇಶಕ್ಕೆ ತೊಡಗಿದೆನು. ಇಂದ್ರಿಯನಿಗ್ರಹ, ಮಿತಾಹಾರ, ಎಲ್ಲವೂ ಬಂದವು. ಮಾತಿನ ನಡುವೆ ರೂಢಿಯಂತೆ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿದೆನು. ಹುಡುಗನು ತಲೆ ತಗ್ಗಿಸಿಯೇ ಕೇಳಿದನು: ‘ಅಜ್ಜಾ, ನಾ ಗುಳಿಗಿ ತಗೊಂಡದ್ದು ಖರೆ, ತಪ್ಪಾತು. ಆದರ ನಿಮ್ಮ ಡಬ್ಬಿಯೊಳಗ ಇರೂದು ಏನು?’ ಅವನ ಧ್ವನಿಯಲ್ಲಿ ಉದ್ಧಟತನವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂಬ ಇಚ್ಛೆಯಿತ್ತು. ನನ್ನ ಉಪದೇಶ ಅಲ್ಲಿಗೇ ನಿಂತಿತು.

ಡಬ್ಬಿಯೊಳಗಿದ್ದದ್ದು ತಂಬಾಕು. ನಮ್ಮ ಕಡೆಗೆ ತಪಕೀರೆನ್ನುವರು. ನಾವು ಪಾಠಶಾಲೆಯವರು ‘ನಶ್ಯ’ವೆಂದು ಕರೆದು ಅದಕ್ಕೆ ಜನಿವಾರ ಹಾಕಿದ್ದೆವು. ಆಯುರ್ವೇದದ ‘ನಸ್ಯ’ಕರ್ಮಕ್ಕೂ ಈ ಪುಡಿಗೂ ಹೆಸರಿನ ಹೊರತು ಸಂಬಂಧವಿಲ್ಲ, ಚರಕ ಸುಶ್ರುತರ ಕಾಲಕ್ಕೆ ಈ ಎಲೆಯು ಈ ದೇಶದಲ್ಲಿಯೇ ಇರಲಿಲ್ಲ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಮಧ್ಯಾಹ್ನದ ಪಾಠದಲ್ಲಿ ತೂಕಡಿಕೆ ಬಂದಾಗ ಒಂದು ಚಿಟಿಕೆ ಏರಿಸುತ್ತಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಸೂತ್ರಗಳ ಆವೃತ್ತಿಗಾಗಿ ರಾತ್ರಿ ಎಚ್ಚರವಿರಲು ನಾನೂ ಕಲಿತೆನು. ಕಾರಣ ನೋಡಿರಿ: ಅಜ್ಜನದೂ ಪರೀಕ್ಷೆ, ಮೊಮ್ಮಗನದೂ ಪರೀಕ್ಷೆ, ಅಜ್ಜನದೂ ನಿದ್ದೆಗೇಡು, ಮೊಮ್ಮಗನದೂ ನಿದ್ದೆಗೇಡು. ಒಂದು ಚಿಟಿಕೆಗೂ ಮೂರು ಗುಳಿಗೆಗೂ ಅಂತರ ಬಹಳವೆಂಬದು ನಿಜ; ಆದರೆ ದಾರಿ ಒಂದೇ.

ತಂಬಾಕನ್ನು ಪೋರ್ತುಗೀಜರು ಈ ದೇಶಕ್ಕೆ ತಂದರು. ೧೬೦೪ರ ಸುಮಾರಿಗೆ ನಮ್ಮ ನೆರೆಯ ವಿಜಾಪುರದ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗನೆಂಬ ಮೊಗಲ ಸರದಾರನು ಅದನ್ನು ಅಲ್ಲಿ ಕಂಡು ಬೆರಗಾಗಿ, ಕೊಂಡೊಯ್ದು ಅಕಬರನಿಗೆ ಕಾಣಿಕೆಯಾಗಿ ಕೊಟ್ಟನು. ನಮ್ಮ ಶಾಸ್ತ್ರಗಳಲ್ಲಿ ಹೇಳಿರದ, ಪರೀಕ್ಷಿಸದ ದ್ರವ್ಯವೆಂದು ಬಾದಶಹನ ವೈದ್ಯನು ಆಕ್ಷೇಪಿಸಿದನು. ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿಯೂ ನೋಡಿದನು. ಎಲೆಯು ಹಿಂದಿರುಗಲಿಲ್ಲ, ಬದಲಾಗಿ ನಮ್ಮ ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ತಂಬಾಕಾಗಿ ಬೇರೂರಿತು. ಈಗ ಕಬ್ಬು ಬಹಳ ಹೊಲಗಳನ್ನು ಆಕ್ರಮಿಸಿದ್ದರೂ, ನಿಪ್ಪಾಣಿಯೆಂದೊಡನೆ ಮೂಗಿಗೆ ನೆನಪಾಗುವದು ತಂಬಾಕಿನ ವಖಾರಗಳ ಘಾಟೇ.

೧೮೨೮ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್, ರೈಮನ್ ಎಂಬಿಬ್ಬರು ಈ ಎಲೆಯಿಂದ ನಿಕೊಟಿನನ್ನು ಬೇರ್ಪಡಿಸಿದರು. ಇದರ ಗುಣ ವಿಚಿತ್ರವಾದದ್ದು: ನರಗಳನ್ನು ಮೊದಲು ಎಬ್ಬಿಸುತ್ತದೆ, ಪ್ರಮಾಣ ಮೀರಿದರೆ ಅವೇ ನರಗಳನ್ನು ಬೀಳಿಸುತ್ತದೆ. ಹೆಚ್ಚು ನಿಕೊಟಿನ್ ಮೈಗೇರಿದರೆ ವಾಂತಿ, ಬೆವರು, ತಲೆಸುತ್ತು. ಇನ್ನೂ ಏರಿದರೆ ಮೂರ್ಛೆ, ಕಡೆಗೆ ಉಸಿರಾಟದ ತಡೆ. ಚಿಕ್ಕಂದಿನಲ್ಲಿ ನಿಪ್ಪಾಣಿಯ ಹತ್ತಿರದ ನಮ್ಮ ಸೋದರಮಾವನ ಹೊಲದಲ್ಲಿ, ಮಂಜು ಬಿದ್ದು ನೆನೆದ ತಂಬಾಕಿನಲ್ಲಿ ನಸುಕಿನಿಂದ ಕೆಲಸ ಮಾಡಿದ ಆಳುಗಳು ವಾಂತಿ ಮಾಡಿಕೊಂಡು ಬದುವಿನ ಮೇಲೆ ಮಲಗುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ದೃಷ್ಟಿ ತಾಕಿತೆಂದು ಮೆಣಸಿನಕಾಯಿ ಸುಡುತ್ತಿದ್ದರು. ನಿಕೊಟಿನ್ ನೀರಿನಲ್ಲಿ ಕರಗುವಂಥದು. ಎಲೆಯ ಮೇಲಿನ ಇಬ್ಬನಿಯಲ್ಲಿ ಕರಗಿ ಚರ್ಮದ ಮೂಲಕ ಮೈಯೊಳಗೆ ಇಳಿಯುತ್ತದೆಂಬದು ಈಗ ತಿಳಿದ ಮಾತು. ಇದಕ್ಕೆ ಹಸಿರು ತಂಬಾಕಿನ ಬೇನೆಯೆಂದು ಹೆಸರು. ಬಿಸಿಲೇರಿ ಎಲೆ ಒಣಗಿದ ಮೇಲೆ ಇಳಿಯುವದು, ಉದ್ದ ತೋಳಿನ ಅಂಗಿ ಮತ್ತು ಕೈಗವಸು, ನೆನೆದ ಬಟ್ಟೆಯನ್ನು ಕೂಡಲೆ ಬದಲಿಸಿ ಸಾಬೂನಿನಿಂದ ಕೈ ತೊಳೆಯುವದು, ಇವೇ ಅದಕ್ಕೆ ತಡೆ.

ದೊಡ್ಡವರಿಗಿಂತ ಕೂಸುಗಳ ಸಂಗತಿ ಕಠಿಣ. ನಾನು ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿಯು ಎರಡು ದಿನ ಬರಲಿಲ್ಲ. ಕೇಳಿದರೆ, ತೆವಳುವ ತಮ್ಮನು ತಾಯಿಯು ಹಲ್ಲಿಗೆ ತಿಕ್ಕಲು ಇಟ್ಟ ಮಿಶ್ರಿಯನ್ನು, ಎಂದರೆ ಹುರಿದ ತಂಬಾಕಿನ ಪುಡಿಯನ್ನು, ತಿಂದು ವಾಂತಿ ಮಾಡಿ, ಮೈ ಸೆಟೆಸಿಕೊಂಡಿದ್ದನು. ವೇಳೆಗೆ ಸರಿಯಾಗಿ ಆಸ್ಪತ್ರೆಗೆ ಒಯ್ದದ್ದರಿಂದ ಉಳಿದನು. ದೊಡ್ಡವರ ಒಂದು ಚಿಟಿಕೆಯು ಕೂಸಿನ ಮೈಗೆ ಬಹಳ ದೊಡ್ಡ ಪ್ರಮಾಣ. ಆದ್ದರಿಂದ ಮಿಶ್ರಿ, ನಶ್ಯ, ಬೀಡಿಯ ತುಂಡು, ಗುಳಿಗೆ, ಇವು ಯಾವವೂ ಮಕ್ಕಳ ಕೈಗೆ ಎಟುಕುವಲ್ಲಿ ಇರಬಾರದು. ನುಂಗಿದರೆ ಗಂಟಲಿಗೆ ಬೆರಳು ಹಾಕಿ ಕಾರಿಸುತ್ತ ಕೂಡ್ರದೆ ಆಸ್ಪತ್ರೆಗೆ ಓಡಬೇಕು. ಇನ್ನು ಪಟ್ಟಣದ ಹುಡುಗರು ಸೇದುವ ವಿದ್ಯುತ್ ಸಿಗರೇಟಿನಲ್ಲಿರುವದೂ ಇದೇ ನಿಕೊಟಿನ್, ದ್ರವರೂಪದಲ್ಲಿ. ೨೦೧೦ರಿಂದ ೨೦೧೯ರ ಆರಂಭದವರೆಗೆ ಅದನ್ನು ಸೇದಿದ ಬಳಿಕ ಮೂರ್ಛೆ ಬಂದ ೩೫ ವರದಿಗಳು ತನಗೆ ತಲುಪಿವೆಯೆಂದು ಅಮೇರಿಕದ ಔಷಧ ಇಲಾಖೆಯು ಪ್ರಕಟಿಸಿತು; ಸೇದಿದ್ದೇ ಕಾರಣವೆಂದು ಅದು ನಿರ್ಣಯಿಸಲಿಲ್ಲ, ಎಚ್ಚರಿಸಿತು. ನಮ್ಮ ದೇಶದಲ್ಲಿ ಅದರ ಮಾರಾಟವನ್ನು ೨೦೧೯ರಲ್ಲಿಯೇ ನಿಷೇಧಿಸಿದ್ದಾರೆ.

ವಖಾರಗಳಲ್ಲಿ ತಂಬಾಕು ಕುಟ್ಟಿ ಸೋಸುವ ಹೆಣ್ಣುಮಕ್ಕಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅವರು ಸಂಘಟಿತರಾಗಿ ಹೋರಾಡಿದ ಕಥೆಯನ್ನು ೧೯೮೨ರಲ್ಲಿ ‘ಯುಗಾಂತರ’ವೆಂಬ ಮಹಿಳೆಯರ ತಂಡವು ಚಲಚ್ಚಿತ್ರವಾಗಿ ಮಾಡಿತು. ಧೂಳಿನಲ್ಲಿ ದುಡಿದು ದಮ್ಮು ಹತ್ತಿದವರಿಗೆ ಕೊಡುವ ಹಳೆಯ ಗುಳಿಗೆಗಳಲ್ಲಿ ಥಿಯೊಫಿಲಿನ್ ಎಂಬುದೊಂದುಂಟು. ಅದು ಚಹದ ಎಲೆಯಲ್ಲಿಯೂ ಅಲ್ಪವಾಗಿರುವ, ಕೆಫೀನಿನ ದಾಯಾದಿ. ಗುಣ ಕೊಡುವ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಅದರಲ್ಲಿ ಅಂತರ ಬಹಳ ಕಡಿಮೆ. ಮೀರಿದರೆ ಎದೆಬಡಿತ, ವಾಂತಿ, ಮೂರ್ಛೆ. ಜ್ವರಕ್ಕೋ ಉರಿಮೂತ್ರಕ್ಕೋ ಸಿಪ್ರೊಫ್ಲಾಕ್ಸಸಿನ್ ಗುಳಿಗೆಯನ್ನು ಅದರೊಡನೆ ತಿಂದರೆ, ಥಿಯೊಫಿಲಿನ್ ಮೈಯಿಂದ ಹೊರಬೀಳದೆ ರಕ್ತದಲ್ಲಿ ಏರುತ್ತದೆ. ಬೀಡಿ ಸೇದುವವನು ಒಮ್ಮೆಲೆ ಬಿಟ್ಟಾಗಲೂ ಹೀಗೆಯೇ ಏರುವದರಿಂದ, ಬೀಡಿ ಬಿಟ್ಟ ಸಂತೋಷದ ಸುದ್ದಿಯನ್ನು ವೈದ್ಯನಿಗೆ ತಪ್ಪದೆ ತಿಳಿಸಬೇಕು. ಅಂಗಡಿಯವನನ್ನು ಕೇಳಿ ಗುಳಿಗೆ ತರುವ ನಮ್ಮ ರೂಢಿಯಲ್ಲಿ ಎಂಥ ಅಪಾಯವಿದೆಯೆಂಬದಕ್ಕೆ ಇದೊಂದು ಉದಾಹರಣೆ ಸಾಕು.

ಹಾಗಾದರೆ ತಡೆಯುವ ಬಗೆ ಯಾವದು? ಎಲ್ಲಕ್ಕೂ ಮೊದಲನೆಯದು ನಿದ್ದೆ. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರೂ ಶರೀರವನ್ನು ಹೊತ್ತ ಉಪಸ್ತಂಭಗಳೆಂದು ಚರಕನು ಗಣಿಸಿದ್ದಾನೆ. ನಾವು ಮಕ್ಕಳಿಗೆ ಮೊದಲನೆಯದನ್ನು ಒತ್ತಾಯದಿಂದ ಕೊಡುತ್ತೇವೆ, ಮೂರನೆಯದನ್ನು ಉಪದೇಶಿಸುತ್ತೇವೆ, ನಡುವಿನದನ್ನು ಪರೀಕ್ಷೆಯ ಹೆಸರಿನಲ್ಲಿ ಕಸಿದುಕೊಳ್ಳುತ್ತೇವೆ. ಇದು ವಿದ್ಯಾರ್ಥಿಗಳದಷ್ಟೇ ಮಾತಲ್ಲ. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ನಡಿಸುವ ತರುಣರು ಚಹಾ ತಂಬಾಕುಗಳ ಮೇಲೆಯೇ ಕಣ್ಣು ತೆರೆದಿಡುತ್ತಾರೆ. ಅವರಿಗೆ ಮೂರ್ಛೆ ಬಂದರೆ ಬೀಳುವದು ಒಬ್ಬನೇ ಅಲ್ಲ. ಎರಡನೆಯದು ಪ್ರಮಾಣ. ದೃಢಕಾಯನಾದ ಪ್ರೌಢನಿಗೆ ದಿನಕ್ಕೆ ೪೦೦ ಮಿಲಿಗ್ರಾಮಿನವರೆಗಿನ ಕೆಫೀನಿನಿಂದ ಸಾಮಾನ್ಯವಾಗಿ ಕೇಡಿಲ್ಲವೆಂದು ತಜ್ಞರ ಮತ. ಮಾರುವ ಪಾನೀಯದ ಒಂದು ಲೀಟರಿನಲ್ಲಿ ೩೦೦ ಮಿಲಿಗ್ರಾಮಿಗಿಂತ ಹೆಚ್ಚಿರಕೂಡದೆಂಬ ಸರಕಾರದ ನಿಯಮದಂತೆ, ೨೫೦ ಮಿಲಿಲೀಟರಿನ ಡಬ್ಬಿಯಲ್ಲಿ ೭೫ರವರೆಗೆ ಇರಬಹುದು. ಒಂದು ಡಬ್ಬಿಯಿಂದ ಯಾರೂ ಬೀಳಲಿಕ್ಕಿಲ್ಲ. ಡಬ್ಬಿಯ ಮೇಲೆ ಡಬ್ಬಿ, ಅದರ ಮೇಲೆ ಗುಳಿಗೆ, ಅದರ ಮೇಲೆ ಜಾಗರ, ಇದು ಬೀಳಿಸುತ್ತದೆ. ಮೊದಲೇ ಮೂರ್ಛೆಯ ರೋಗವಿದ್ದವರಿಗೆ ಈ ಲೆಕ್ಕ ಸಲ್ಲದು. ಅವರು ವೈದ್ಯನನ್ನು ಕೇಳಬೇಕು, ಮತ್ತು ದಿನದ ಔಷಧವನ್ನು ಒಂದು ಹೊತ್ತೂ ತಪ್ಪಿಸಬಾರದು. ಕಳ್ಳತನದಿಂದ ಮಾರುವ ಅಂಫೆಟಮೈನ್, ಕೊಕೇನ್‌ಗಳನ್ನು ೧೯೮೫ರ ಕಾಯದೆಯು ಕಟ್ಟಿದೆ. ಆ ಪುಡಿಗಳಲ್ಲಿ ಏನು ಎಷ್ಟಿದೆಯೆಂದು ಮಾರುವವನಿಗೂ ಗೊತ್ತಿಲ್ಲವಾದ್ದರಿಂದ ಅಲ್ಲಿ ಸುರಕ್ಷಿತ ಪ್ರಮಾಣವೆಂಬದೇ ಇಲ್ಲ. ಇಂಥದನ್ನು ತೆಗೆದುಕೊಂಡವನ ಮೈ ಕಾದು, ಎದೆ ಹೊಡೆದುಕೊಂಡು, ಭ್ರಮೆಯ ಮಾತು ಹೊರಟರೆ, ಮೂರ್ಛೆಯ ದಾರಿ ಕಾಯದೆ ತಂಪಾದ ಸ್ಥಳಕ್ಕೆ ತಂದು ಒದ್ದೆ ಬಟ್ಟೆಯಿಂದ ಮೈಯೊರಸುತ್ತ ಆಸ್ಪತ್ರೆಗೆ ಸಾಗಿಸಬೇಕು.

ಮೂರ್ಛೆ ಬಂದೇ ಬಿಟ್ಟರೆ ಮಾಡತಕ್ಕದ್ದು ಬಹಳ ಅಲ್ಪ. ಆದ್ದರಿಂದಲೇ ನಮಗದು ಕಠಿಣ. ಸುತ್ತಲಿನ ಗಟ್ಟಿ ಚೂಪು ವಸ್ತುಗಳನ್ನು ಸರಿಸಬೇಕು. ತಲೆಯ ಕೆಳಗೆ ಮಡಿಸಿದ ಬಟ್ಟೆ ಇಡಬೇಕು. ಕೊರಳಿನ ಗುಂಡಿ ಸಡಲಿಸಬೇಕು. ಜಗ್ಗುವ ಕೈಕಾಲುಗಳನ್ನು ಒತ್ತಿ ಹಿಡಿಯಬಾರದು. ಬಾಯಲ್ಲಿ ಚಮಚ, ಬೆರಳು, ನೀರು, ಔಷಧ ಏನನ್ನೂ ಹಾಕಬಾರದು. ನಾಲಿಗೆಯನ್ನು ಯಾರೂ ನುಂಗುವದಿಲ್ಲ. ಸಾಧ್ಯವಾದೊಡನೆ ಒಂದು ಮಗ್ಗುಲಿಗೆ ಹೊರಳಿಸಿದರೆ ನೊರೆಯು ಹೊರಗೆ ಹರಿದು ಉಸಿರಿನ ದಾರಿ ತೆರೆಯುತ್ತದೆ. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಒಂದರ ಹಿಂದೊಂದು ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ, ಇಲ್ಲವೆ ಅದು ಮೊದಲ ಸಲದ್ದೋ ಔಷಧ ವಿಷಗಳಿಂದ ಬಂದದ್ದೋ ಆಗಿದ್ದರೆ, ೧೦೮ಕ್ಕೆ ಕರೆ ಮಾಡಬೇಕು. ಅಲ್ಲಿ ತಡೆಯ ಶಕ್ತಿಗೆ ಬೆಂಬಲ ಕೊಡುವ ಮಿಡಾಜೊಲಾಮ್, ಲೊರಾಜಿಪಾಮ್ ಮುಂತಾದ ಔಷಧಗಳುಂಟು. ಮತ್ತು ಏನು ನುಂಗಿದ್ದನೆಂಬದನ್ನು, ಖಾಲಿ ಕಟ್ಟು ಸಿಕ್ಕರೆ ಅದನ್ನೂ, ವೈದ್ಯನ ಮುಂದಿಡಬೇಕು. ಕೀಲಿಕೈ, ಉಳ್ಳಾಗಡ್ಡಿ, ಚಪ್ಪಲಿಗಳು ಮೂರ್ಛೆಯನ್ನು ನಿಲ್ಲಿಸಿದ್ದಿಲ್ಲ. ಅದು ತಾನಾಗಿ ನಿಲ್ಲುವ ಹೊತ್ತಿಗೆ ಅವು ಕೈಯಲ್ಲಿದ್ದವು, ಅಷ್ಟೇ. ಶಿವನ ಪಾದದಡಿಯಲ್ಲಿ ಬಿದ್ದುಕೊಂಡ ಅಪಸ್ಮಾರಪುರುಷನು ಅಜ್ಞಾನದ ರೂಪವೆಂದು ನಾವೆಲ್ಲ ಓದಿದ್ದೇವೆ. ಆ ದಿನ ನನ್ನ ಮನೆಯಲ್ಲಿ ಅಜ್ಞಾನವು ಬಿದ್ದ ಹುಡುಗನಲ್ಲಿರಲಿಲ್ಲ. ಸುತ್ತಲೂ ನಿಂತ ನಮ್ಮಲ್ಲಿತ್ತು.

ಹುಡುಗನು ಆ ವರ್ಷದ ಪರೀಕ್ಷೆಗೆ ಕೂಡ್ರಲಿಲ್ಲ. ಮರುವರ್ಷ, ದಿನಕ್ಕೆ ಏಳು ತಾಸು ಮಲಗಿ, ಕುಳಿತನು, ತೇರ್ಗಡೆಯಾಗಲಿಲ್ಲ. ಈ ವರ್ಷ ಮತ್ತೆ ಓದುತ್ತಿದ್ದಾನೆ. ನಿದ್ದೆ ಮಾಡಿದವರೆಲ್ಲ ಗೆಲ್ಲುವರೆಂದು ನಾನು ಹೇಳಲಾರೆನು. ಸೋತರೂ ಮರುವರ್ಷ ಕೂಡ್ರಲು ಆತನು ಇದ್ದಾನೆಂಬದೇ ನನಗೆ ಸಾಕು. ಆಮೇಲೆ ಅವನಿಗೆ ಮೂರ್ಛೆ ಬಂದಿಲ್ಲ. ಹಲ್ಲಿನ ಚೂರು ಮಾತ್ರ ಹಾಗೆಯೇ ಇದೆ. ನಕ್ಕಾಗಲೆಲ್ಲ ನನಗೆ ಕಾಣುತ್ತದೆ.

ನಶ್ಯವನ್ನು ನಾನು ಅದೇ ದಿನ ಬಿಟ್ಟೆನೆಂದು ಬರೆದರೆ ಚೆನ್ನಾಗಿ ಕಾಣಬಹುದು, ಆದರೆ ಸುಳ್ಳಾಗುವದು. ಏಳು ತಿಂಗಳು ಹಿಡಿಯಿತು; ನಡುವೆ ಎರಡು ಸಲ ಜಾರಿದೆನು, ಎರಡೂ ಸಲ ಮೊಮ್ಮಗನಿಗೆ ತಿಳಿಸಿದೆನು. ಡಬ್ಬಿ ಈಗ ಬರಿದಾಗಿದೆ. ಓದುವಾಗ ಕೈ ಇನ್ನೂ ಸೊಂಟಕ್ಕೆ ಹೋಗುತ್ತದೆ. ಬೆಳಗಿನ ನಾಲ್ಕಕ್ಕೆ ಏಳುವ ರೂಢಿ ಬಿಟ್ಟಿಲ್ಲ. ಆದರೆ ಮಾಳಿಗೆಯ ಕದದ ಕೆಳಗೆ ಬೆಳಕು ಕಂಡರೆ ಈಗ ಹಿಗ್ಗುವದಿಲ್ಲ. ಮೆಟ್ಟಿಲೇರಿ ಹೋಗಿ ಕದ ತಟ್ಟಿ, ‘ಮಲಕೋ ಮಗನ, ಹೊತ್ತ ಇನ್ನೂ ಬಾಳ ಅದ’ ಎಂದು ಹೇಳಿ, ದೀಪ ಆರುವವರೆಗೆ ಅಲ್ಲಿಯೇ ನಿಲ್ಲುತ್ತೇನೆ.